ಹಕ್ಕಿಯ ಕುತ್ತಿಗೆಯಲ್ಲಿ ಪುಟ ಮುರಿಯಬಾರದು

ಆ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿದ್ದು ಒಂದೇ ಒಂದು ಸಲ. ಅದೂ ಒಲೆ ಪಾತ್ರೆಯ ವಿಷಯಕ್ಕಲ್ಲ, ಒಂದು ಹಕ್ಕಿಯ ವಿಷಯಕ್ಕೆ. ಹಕ್ಕಿಯೆಂದರೆ ಮರದ ಮೇಲಿನದಲ್ಲ, ರತ್ನಗಂಬಳಿಯಲ್ಲಿ ಉಣ್ಣೆಯ ಗಂಟುಗಳಿಂದ ಮೂಡುವ ಹಕ್ಕಿ. ಜಗಳವೂ ಎಂಥದ್ದು ಅಂತೀರಿ? ಒಬ್ಬರು ಒಂದು ಮಾತು ಆಡಿದರು, ಇನ್ನೊಬ್ಬರು ಎದುರಾಡಲೇ ಇಲ್ಲ. ಅಂಥ ಜಗಳಗಳೇ ಬೇಗ ಮುಗಿಯುವುದಿಲ್ಲ.

ಮನೆಯ ಕೆಳಗಿನ ಉದ್ದ ಕೋಣೆಯಲ್ಲಿ ಮಗ್ಗ. ಸೂರು ಮುಟ್ಟುವ ಮರದ ಚೌಕಟ್ಟು, ಅದಕ್ಕೆ ಮೇಲಿಂದ ಕೆಳಗೆ ಬಿಗಿದ ಹಾಸು ದಾರ, ಅದರ ಮುಂದೆ ಹಲಗೆಯ ಮೇಲೆ ಒತ್ತೊತ್ತಾಗಿ ಕೂತ ಮೂವರು ನೇಯುವ ಹೆಂಗಸರು. ಕಂಬಳಿಯ ಅಗಲಕ್ಕೆ ಒಂದೇ ಚಿತ್ತಾರ ಮೂರು ಸಲ ಬರುವುದರಿಂದ ಮೂವರೂ ಒಟ್ಟಿಗೆ ಒಂದೇ ಗಂಟು ಹಾಕುತ್ತಾರೆ. ಯಾವ ಬಣ್ಣದ್ದು, ಎಷ್ಟು, ಅನ್ನುವುದನ್ನು ಅವರ ಬೆನ್ನ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತು ಕೂಗುವವರು ಅತ್ತೆ. "ಮೂರು ಕೆಂಪೂ, ಕೆಂಪಿನ ಪಕ್ಕ ನೀಲೀ, ಆಮೇಲೆ ಬಿಳಿಯೋ ಬಿಳಿ" ಎಂದು ಅವರು ರಾಗ ಎಳೆದರೆ ಬೆರಳುಗಳು ತಾವಾಗಿ ಓಡುತ್ತಿದ್ದವು. ಸಾಲು ಮುಗಿದಾಗ ಮೂವರೂ "ಆಯ್ತು" ಎನ್ನಬೇಕು. ಹೂವೋ ಎಲೆಯೋ ಪೂರ್ತಿಯಾದಾಗ ಅತ್ತೆ "ಉಸಿರು ಬಿಡಿ" ಎನ್ನುತ್ತಿದ್ದರು. ಆಗ ಹಣಿಗೆಯಿಂದ ಗಂಟುಗಳನ್ನು ಬಡಿದು ಕೂರಿಸಿ, ಬೆರಳು ಮುರಿದು, ನೀರು ಕುಡಿದು, ಯಾರದಾದರೂ ಗಂಡನನ್ನು ನಾಲ್ಕು ಮಾತು ಬೈದು, ಮತ್ತೆ ಶುರು.

ಅತ್ತೆ ಕಾಗದ ನೋಡಿ ಕೂಗಿದವರಲ್ಲ. ಎಲ್ಲಾ ತಲೆಯಲ್ಲೇ. ಆದರೆ ತಲೆಯಲ್ಲಿದ್ದದ್ದು ದಿನಾ ಒಂದೇ ಥರ ಇರುತ್ತದೆಯೇ? ಮನಸ್ಸು ಚೆನ್ನಾಗಿದ್ದ ದಿನ ಬಳ್ಳಿಗೆ ಒಂದೆಲೆ ಹೆಚ್ಚು, ಮಂಡಿ ನೋಯುವ ದಿನ ಒಂದು ಮೊಗ್ಗು ಕಡಿಮೆ. ಒಮ್ಮೆ ಯಾರೋ ಜೋಡಿ ಕಂಬಳಿ ಮಾಡಿಸಿದರು. ಒಂದರಲ್ಲಿ ಹಕ್ಕಿ ಬಲಕ್ಕೆ ನೋಡುತ್ತಿತ್ತು, ಇನ್ನೊಂದರಲ್ಲಿ ಮುಖ ತಿರುಗಿಸಿ ಕೂತಿತ್ತು. "ಜೋಡಿ ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗಲ್ವಾ? ಯಾವಾಗ್ಲೂ ಒಂದೇ ಕಡೆ ನೋಡ್ತಿರ್ತಾರಾ?" ಎಂದು ಅತ್ತೆ ಸಮಜಾಯಿಷಿ ಕೊಟ್ಟರು. ಕೊಂಡವರಿಗೆ ನಗು ಬರಲಿಲ್ಲ. ಕಂಬಳಿ ವಾಪಸ್ ಬಂತು.

ಅದಾದ ಮೇಲೆ ಇವರ ಕಂಬಳಿಗಳನ್ನು ಮಾರಿಕೊಡುವ ಅಂಗಡಿಯಾಕೆ ಬಂದಳು. ಯಾವುದೋ ದೊಡ್ಡ ಕಟ್ಟಡದ ಓಣಿಯಂಥ ಹಜಾರಕ್ಕೆ ಒಂದರ ಮುಂದೊಂದು ಹಾಸಲು ಮೂರು ಕಂಬಳಿ ಬೇಕಿತ್ತು. "ಮೂರೂ ಅಚ್ಚೊತ್ತಿದ ಹಾಗಿರಬೇಕು. ಈ ಸಲ ಹಕ್ಕಿಗೆ ಕೋಪಗೀಪ ಬಂದ್ರೆ ಇನ್ನು ನಾನು ಈ ಬಾಗಿಲಿಗೆ ಬರಲ್ಲ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಹೋದಳು.

ಸೊಸೆ ಮದುವೆಗೆ ಮುಂಚೆ ಗೋದಾಮೊಂದರ ಆಫೀಸಿನಲ್ಲಿ ಕೆಲಸ ಮಾಡಿದವಳು, ಕಂಪ್ಯೂಟರಿನ ಸ್ಪ್ರೆಡ್‌ಶೀಟಿನ ಚೌಕಗಳಲ್ಲೇ ಹಗಲು ಕಳೆದವಳು. ಒಂದು ಚೌಕಕ್ಕೆ ಒಂದು ಗಂಟು ಎಂದುಕೊಂಡರೆ ಚಿತ್ತಾರವೆಲ್ಲ ಶೀಟಿನಲ್ಲಿ ಕೂತೀತಲ್ಲ ಎಂದು ಅವಳಿಗೆ ಹೊಳೆಯಿತು. ಅತ್ತೆ ಪಕ್ಕದಲ್ಲಿ ಕೂತು ಕೂಗಿದರು, ಇವಳು ಚೌಕಗಳಿಗೆ ಬಣ್ಣ ತುಂಬಿದಳು. ಆ ದಿನಗಳಲ್ಲಿ ಇಬ್ಬರೂ ಎಷ್ಟು ಚೆನ್ನಾಗಿದ್ದರೆಂದರೆ, ಉಣ್ಣೆಗೆ ಬಣ್ಣ ಹಾಕುವ ಹಂಡೆಯ ಮುಂದೆ ನಿಂತ ಗಂಡನಿಗೇ ಹೊಟ್ಟೆಕಿಚ್ಚಾಗಿ, "ನಾನೂ ಈ ಮನೇಲಿ ಇದೀನಿ, ಸ್ವಲ್ಪ ಜ್ಞಾಪಕ ಇಟ್ಕೊಳ್ಳಿ" ಎಂದಿದ್ದ.

ಕಷ್ಟ ಶುರುವಾದದ್ದು ಪ್ರಿಂಟು ತೆಗೆಯುವಾಗ. ಎಲ್ಲವೂ ಒಂದೇ ಪುಟದಲ್ಲಿ ಬರಲಿ ಎಂದು ಆಜ್ಞೆ ಕೊಟ್ಟಳು. ಮೆಷಿನ್ನು ಮರುಮಾತಾಡದೆ ಇಡೀ ಕಂಬಳಿಯನ್ನು ಅಂಗೈಯಗಲಕ್ಕೆ ಕುಗ್ಗಿಸಿ ಹೊರಗೆ ತಳ್ಳಿತು. ಅತ್ತೆ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಸಾಸಿವೆ ಕಾಳಿಗೆ ಬಣ್ಣ ಹಚ್ಚಿದ್ದೀಯಲ್ಲೇ ಹುಡುಗಿ!" ಎಂದು ನಕ್ಕರು. ಸರಿ, ದೊಡ್ಡದು ಮಾಡಿದಳು. ಈಗ ಬಲಗಡೆಯ ಒಂದೆರಡು ಕಾಲಮ್ಮು ಪುಟಕ್ಕೆ ಹಿಡಿಸದೆ, ಸೀಟು ಸಿಗದ ಪ್ರಯಾಣಿಕರ ಹಾಗೆ ಬೇರೆ ಪುಟಗಳಲ್ಲಿ ಒಂಟಿಯಾಗಿ ಇಳಿದವು. ಅಂಚು ಸರಿಸಿ, ಅಗಲಕ್ಕೆ ಒಂದೇ ಪುಟ, ಉದ್ದಕ್ಕೆ ಎಷ್ಟಾದರೂ ಆಗಲಿ ಎಂದು ಹೇಳಿ, ಅಂತೂ ಓದುವಂಥ ಪುಟಗಳು ಬಂದವು.

ಅತ್ತೆ ಕುರ್ಚಿ ಏರಿ, ಮೂವರನ್ನೂ ಕೂರಿಸಿ, ಗಂಟು ಹಾಕಿಸುವ ಮುಂಚೆ ಒಮ್ಮೆ ಕೂಗಿ ನೋಡಿದರು. ಹಕ್ಕಿಯ ಎದೆ ಮುಗಿಸಿ ಕುತ್ತಿಗೆಗೆ ಬಂದಾಗ ಪುಟ ಮುಗಿದುಹೋಯಿತು.

"ಇದೇನೇ ಇದು? ಹಕ್ಕಿಯ ಕುತ್ತಿಗೇಲಿ ಯಾರಾದ್ರೂ ನಿಲ್ಲಿಸ್ತಾರಾ? ಹಿಚುಕಿದ ಹಾಗಾಗುತ್ತೆ."

"ಅದು ನಾನು ಮಾಡಿದ್ದಲ್ಲ ಅತ್ತೆ. ಕಾಗದ ಎಲ್ಲಿ ಮುಗಿಯುತ್ತೋ ಅಲ್ಲಿ ಮೆಷಿನ್ನೇ ಕತ್ತರಿಸುತ್ತೆ."

"ಮೆಷಿನ್ನಿಗೆ ಹಕ್ಕಿ ಕಾಣಲ್ಲ, ಪಾಪ. ನಿನಗೆ ಕಾಣುತ್ತಲ್ಲ?" ಎಂದವರೇ ಅತ್ತೆ ಪುಟ ತಿರುವದೆ, ಕಣ್ಣು ಮುಚ್ಚಿ, ತಲೆಯಲ್ಲಿದ್ದದ್ದನ್ನೇ ಮುಂದುವರಿಸಿದರು. ಕುತ್ತಿಗೆ ಬಂತು, ಕೊಕ್ಕು ಬಂತು, ಕೊಕ್ಕಿನಲ್ಲಿ ಎಲ್ಲೂ ಇಲ್ಲದ ಒಂದು ಕೆಂಪು ಹಣ್ಣೂ ಬಂತು.

ಸೊಸೆಗೆ ಎಲ್ಲಿತ್ತೋ ಸಿಟ್ಟು. ಪ್ರಿಂಟರಿನ ಜೊತೆ ಹೆಣಗಿ ತಲೆ ಕಾದಿತ್ತು, ಅಂಗಡಿಯಾಕೆಯ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. "ಅತ್ತೆ, ಕಾಗದದಲ್ಲಿ ಏನಿದೆಯೋ ಅದನ್ನ ಮಾತ್ರ ಓದಿ. ಒಂದು ಸಾಲು ಹೆಚ್ಚೂ ಬೇಡ, ಕಮ್ಮೀನೂ ಬೇಡ. ನಿಮ್ಮದನ್ನ ಸೇರಿಸಬೇಡಿ, ನಿಮಗೆ ಕೈ ಮುಗೀತೀನಿ" ಎಂದುಬಿಟ್ಟಳು. ಅದೂ ಮೂವರು ಹೆಂಗಸರ ಎದುರಿಗೆ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಆಗಲಮ್ಮ" ಎಂದರು. ಹುಡುಗಿ, ಕಳ್ಳಿ, ಮಾರಾಯ್ತಿ ಎಂದೆಲ್ಲ ಕರೆಯುತ್ತಿದ್ದವರು ಮೊದಲ ಸಲ ಹಾಗೆ 'ಅಮ್ಮ' ಹಚ್ಚಿ ಮಾತಾಡಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆ ಆ ಸಂಜೆಯೆಲ್ಲ ಕ್ಷಮೆ ಕೇಳಬೇಕೆಂದು ಅಡುಗೆಮನೆಗೂ ಪಡಸಾಲೆಗೂ ತಿರುಗಿದಳು, ಬಾಯಿ ಬರಲಿಲ್ಲ.

ಬಾಯಿ ಬಾರದವರು ಕೈಯಿಂದ ಏನಾದರೂ ಉಪಕಾರ ಮಾಡಲು ಹೋಗುತ್ತಾರೆ. ಪ್ರಿಂಟಿನಲ್ಲಿ ತೆಳು ನೀಲಿ, ಕಡು ನೀಲಿ ಎರಡೂ ಒಂದೇ ಥರ ಕಾಣುತ್ತಿದ್ದವು, ಅತ್ತೆಯ ಕಣ್ಣಿಗೆ ತೊಂದರೆಯಾಗಬಾರದೆಂದು ಸೊಸೆ ಶೀಟಿನ ಮೇಲ್ತುದಿಯಲ್ಲಿ ಎಲ್ಲಾ ಬಣ್ಣಗಳನ್ನೂ ಸರದಿಯಲ್ಲಿ ಜೋಡಿಸಿದ ಒಂದು ಸಾಲು ಹಾಕಿದಳು. ಹೋಲಿಸಿ ನೋಡಿಕೊಳ್ಳಲಿ ಎಂದು, ಅಷ್ಟೇ. ಅಂದವಾಗಿರಲಿ ಎಂದು ಅಂಚಿನಿಂದ ಅಂಚಿಗೆ ತುಂಬಿದಳು. ಪುಟ ಪುಟಕ್ಕೂ ಹಿಂದೆ ತಿರುವಬೇಕಾದೀತೆಂದು, ಆ ಸಾಲು ಪ್ರತಿ ಪುಟದ ತಲೆಯಲ್ಲೂ ತಾನಾಗಿ ಬರುವಂತೆ ಮಾಡಿದಳು. ಪುಟಗಳನ್ನು ಕುರ್ಚಿಯ ಮೇಲಿಟ್ಟು ಈ ಬಣ್ಣದ ಸಾಲು ಯಾಕೆಂದು ಬೆಳಗ್ಗೆ ಹೇಳಿದರಾಯಿತು ಎಂದುಕೊಂಡಳು. ಬೆಳಗಾಗುವಷ್ಟರಲ್ಲಿ ತವರಿನಿಂದ ಫೋನು ಬಂತು. ತಂಗಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಇವಳು ಸಿಕ್ಕ ಬಟ್ಟೆ ತುರುಕಿಕೊಂಡು ಓಡಿದಳು.

ತಂಗಿ ಮಗು ಎರಡೂ ಚೇತರಿಸಿಕೊಂಡು, ಇವಳು ಮರಳಿ ಬರುವಷ್ಟರಲ್ಲಿ ಮೊದಲ ಕಂಬಳಿ ಮುಗಿದಿತ್ತು. ಅವಳು ಬಾಗಿಲಲ್ಲಿ ಚೀಲ ಇಳಿಸುವುದಕ್ಕೂ, ಗಂಡ ಅದನ್ನು ಮಗ್ಗದಿಂದ ಕತ್ತರಿಸಿ ಇಳಿಸಿ ನೆಲದ ಮೇಲೆ ಬಿಡಿಸುವುದಕ್ಕೂ ಸರಿಹೋಯಿತು. ನೇಯ್ದ ಭಾಗ ಕೆಳಗಿನ ದಿಮ್ಮಿಗೆ ಸುತ್ತಿಕೊಳ್ಳುತ್ತಾ ಹೋಗುವುದರಿಂದ ಪೂರ್ತಿ ಕಂಬಳಿಯನ್ನು ಯಾರೂ ಆವರೆಗೆ ನೋಡಿರಲಿಲ್ಲ. ಅವನೋ, ಹಂಡೆಯ ಹಬೆ ಬಿಟ್ಟು ಈಚೆ ಬಂದವನೇ ಅಲ್ಲ.

ಬಳ್ಳಿ ಚೆನ್ನಾಗಿತ್ತು, ಹೂವು ಚೆನ್ನಾಗಿತ್ತು. ಆದರೆ ಗೇಣು ದೂರಕ್ಕೊಂದರಂತೆ, ಅಂಚಿನಿಂದ ಅಂಚಿಗೆ, ಎಲ್ಲಾ ಬಣ್ಣಗಳೂ ಸರದಿಯಲ್ಲಿ ನಿಂತ ಒಂದೊಂದು ತೆಳ್ಳನೆಯ ಗೆರೆ. ಎಲೆಯನ್ನು ಸೀಳಿ, ಮೊಗ್ಗನ್ನು ಸೀಳಿ, ಹಕ್ಕಿಯ ಎದೆಗೂ ತಲೆಗೂ ನಡುವೆ ಕತ್ತಿನ ಪಟ್ಟಿಯ ಹಾಗೆ ಹಾದುಹೋಗಿತ್ತು. ಆ ಬಣ್ಣಗಳ ಸರದಿಯನ್ನು ಸೊಸೆಯಲ್ಲದೆ ಇನ್ಯಾರು ಬಲ್ಲರು?

"ಏನಮ್ಮ ಇದು?" ಗಂಡ ತಾಯಿಯ ಮೇಲೆ ದನಿ ಏರಿಸಿದ. "ಕಣ್ಣು ಕಾಣಲ್ವಾ ನಿನಗೆ?"

"ನಾವು ಕೇಳಿದ್ವಿ ಕಣಣ್ಣ" ಎಂದಳು ನೇಯುವವರಲ್ಲಿ ಒಬ್ಬಳು. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಅವಳಿಗೆ ರೇಡಿಯೋ ಎಂದೇ ಹೆಸರು. "ಇದೇನಕ್ಕ ಹೊಸ ಫ್ಯಾಷನ್ನಾ ಅಂತ ಕೇಳಿದ್ವಿ. ಕಾಗದದಲ್ಲಿದೆ, ಸುಮ್ನೆ ಕಟ್ಟಿ ಅಂದ್ರು."

ಅತ್ತೆ ಕುರ್ಚಿಯಿಂದ ಇಳಿದರು. ಸೊಸೆಯ ಕಡೆ ಒಮ್ಮೆ ನೋಡಿ, ಮಗನ ಕಡೆ ತಿರುಗಿದರು. "ಹೌದಪ್ಪ, ಕಣ್ಣು ಮಂಜಾಗಿದೆ. ಯಾವುದೋ ಸಾಲನ್ನ ಯಾವುದೋ ಅಂದ್ಕೊಂಡೆ. ಇನ್ನು ರೇಡಿಯೋ ಕೂಗ್ಲಿ. ನಾನು ಉಣ್ಣೆ ಬಿಡಿಸ್ಕೊಂಡು ಇರ್ತೀನಿ."

"ಸುಳ್ಳು!" ಎಂದಳು ಸೊಸೆ. ಅತ್ತೆಗೆ ಸುಳ್ಳು ಎನ್ನುವುದು ಸಣ್ಣ ಮಾತಲ್ಲ, ಆದರೆ ಅದೇ ಬಾಯಿಗೆ ಬಂತು. ಕುರ್ಚಿಯ ಮೇಲಿನ ಪುಟಗಳನ್ನು ತಂದು ಗಂಡನ ಮುಖಕ್ಕೆ ಹಿಡಿದಳು. "ನೋಡ್ರಿ, ಪುಟ ಪುಟದ ಮೇಲೂ ಇದೆ. ನಾನೇ ಹಾಕಿದ್ದು. ಬಣ್ಣ ಗುರುತು ಹಿಡಿಯೋಕೆ ಅಂತ ಹಾಕಿ, ಹೇಳದೆ ಹೋದೆ. ಅವರು ನಾನು ಕೊಟ್ಟದ್ದನ್ನ ಕೊಟ್ಟ ಹಾಗೆ ಓದಿದಾರೆ. ಬೈಯೋದಾದ್ರೆ ನನ್ನ ಬೈಯಿರಿ."

ಗಂಡ ಪುಟ ನೋಡಿದ, ಕಂಬಳಿ ನೋಡಿದ, ನೆಲದ ಮೇಲೆ ಕುಕ್ಕರಿಸಿ ಕೂತು ತಲೆ ಮೇಲೆ ಕೈ ಹೊತ್ತ. ಅತ್ತೆ ಆಗಲೇ ಹಿಂದಿನ ಉಣ್ಣೆಯ ಕೋಣೆಗೆ ಹೋಗಿದ್ದರು.

ಸೊಸೆ ಹಿಂದೆಯೇ ಹೋದಳು. ಉಣ್ಣೆಯ ಗುಡ್ಡೆಯ ಪಕ್ಕ ಕೂತಳು. "ಅತ್ತೆ, ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಎರಡನೇ ಪುಟದಲ್ಲೇ ಗೊತ್ತಾಯ್ತು. ಇಷ್ಟು ವರ್ಷ ಕೂಗಿದೀನಿ, ಎಲೆ ಮಧ್ಯೆ ಅಂಥ ಗೆರೆ ಬರಲ್ಲ ಅಂತ ಗೊತ್ತಿಲ್ವಾ?"

"ಮತ್ತೆ?"

ಅತ್ತೆ ಸಿಕ್ಕು ಬಿಡಿಸುತ್ತಲೇ ಇದ್ದರು. "ಕಾಗದದಲ್ಲಿದ್ದದ್ದನ್ನೇ ಓದಿ ಅಂತ ನೀನೇ ಅಂದಿದ್ದೆ. ಮೊದಲ ದಿನ ಸಿಟ್ಟಿನಿಂದ್ಲೇ ಓದಿದೆ, ಸುಳ್ಳು ಯಾಕೆ ಹೇಳ್ಲಿ. ಆಗ್ಲಿ, ಅನುಭವಿಸ್ಲಿ ಅಂತ. ಆಮೇಲೆ ಪುಟ ಪುಟಕ್ಕೂ ಅದೇ ಬರ್ತಿತ್ತಲ್ಲ, ನೋಡ್ತಾ ನೋಡ್ತಾ ಸಿಟ್ಟು ಇಳೀತು. ಇದು ಅವಳದೇ ಏನೋ ಇರಬೇಕು ಅನ್ನಿಸ್ತು. ನಾನು ಇಷ್ಟು ವರ್ಷ ನನಗೆ ತೋಚಿದ ಎಲೆ, ಹಣ್ಣು ಎಲ್ಲಾ ಹಾಕಿದೀನಿ. ಅವಳೂ ಒಂದು ಗೆರೆ ಹಾಕಿಕೊಂಡಿದಾಳೆ. ಅದನ್ನ ಅಳಿಸೋಕೆ ನಾನ್ಯಾರು ಅಂತ ಕೂಗಿದೆ."

ಸೊಸೆಗೆ ಅಳು ತಡೆಯಲಾಗಲಿಲ್ಲ. ತಾನು ಎಲ್ಲರೆದುರು ಆಡಿದ ಮಾತು ತಪ್ಪೆಂದಳು, ನಾಲಿಗೆ ಸುಡಬೇಕೆಂದಳು, ಕುರ್ಚಿಗೆ ಬನ್ನಿ ಎಂದಳು. ಅತ್ತೆ ಅವಳ ಕಣ್ಣು ಒರೆಸಿದರು, ತಂಗಿಯ ಮಗು ಯಾರ ಹಾಗಿದೆ ಎಂದು ಕೇಳಿದರು, ಕುರ್ಚಿಯ ಮಾತಿಗೆ ಮಾತ್ರ ತಲೆ ಅಲ್ಲಾಡಿಸಿದರು. "ಕಾಗದ ಓದೋಕೆ ಯಾರಾದ್ರೂ ಆಗುತ್ತೆ ಕಣೇ. ಕೂಗೋದಾದ್ರೆ ಬರ್ತೀನಿ, ಓದೋಕೆ ಬರಲ್ಲ. ಹಾಗೆ ಓದಿ ಓದಿ ನನ್ನ ಗಂಟಲೇ ನನಗೆ ಬೇರೆಯವರದು ಅನ್ನಿಸ್ತಿತ್ತು." ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ಸೊಸೆಗೆ ಹೆದರಿಕೆಯಾಯಿತು. ಕೋಪವಾಗಿದ್ದರೆ ಇಳಿಯುವ ತನಕ ಕಾಯಬಹುದಿತ್ತು.

ಕೆಟ್ಟ ಕಂಬಳಿ ಮನೆಯ ಪಡಸಾಲೆ ಸೇರಿತು. ಅಂಗಡಿಯಾಕೆ ಇನ್ನಷ್ಟು ದಿನ ಕೊಟ್ಟಳು, ಕೊಡುವಾಗ ಕೊಡಬೇಕಾದ ಬೈಗುಳವನ್ನೂ ಕೊಟ್ಟಳು. ಮಗ್ಗಕ್ಕೆ ಹೊಸ ಹಾಸು ಏರಿಸಿ ರೇಡಿಯೋ ಕುರ್ಚಿ ಹತ್ತಿದಳು, ಅವಳ ಪಾಲಿನ ಗಂಟನ್ನು ಪಕ್ಕದವಳೇ ಹಾಕುವುದೆಂದಾಯಿತು. ಊರಿಗೆಲ್ಲ ಕೇಳುವ ಬಾಯಿ, ಕುರ್ಚಿಯಲ್ಲಿ ಕೂತೊಡನೆ ಯಾಕೋ ಒಣಗಿತು. ಸಾಮಾನಿನ ಚೀಟಿ ಓದಿದ ಹಾಗೆ "ಕೆಂಪು ಮೂರು, ನೀಲಿ ಒಂದು" ಎಂದಳು. ಕೆಳಗೆ ಕೂತವರ ಬೆರಳು ತಡವರಿಸಿದವು, ಹಾಕಿದ ಗಂಟು ಬಿಚ್ಚಿ ಬಿಚ್ಚಿ ಹಾಕಿದರು. "ನನಗೂ ಬೇಡ, ನಿಮಗೂ ಬೇಡ ಈ ಗೋಳು" ಎಂದು ಅವಳೇ ಪುಟ ಮಡಚಿದಳು.

ಸೊಸೆ ಕಂಪ್ಯೂಟರನ್ನು ಉಣ್ಣೆಯ ಕೋಣೆಗೇ ಎತ್ತಿಕೊಂಡು ಹೋದಳು. "ಅತ್ತೆ, ಕುರ್ಚಿಗೆ ಬರಬೇಡಿ. ಇಲ್ಲೇ ಕೂತು ಒಂದು ಸಲ ಕೂಗಿ. ನೀವು ಎಲ್ಲಿ ಉಸಿರು ಬಿಡ್ತೀರಿ ಅಂತ ನೋಡಬೇಕು."

"ಅದನ್ನೂ ನಿನ್ನ ಮೆಷಿನ್ನಿಗೆ ಹಾಕ್ತೀಯಾ?"

"ಹಾಕ್ತೀನಿ. ಕಾಗದ ಮುಗಿದ ಕಡೆ ನಿಲ್ಲೋದು ಬೇಡ."

ತೆರೆಯ ಮೇಲೆ ಪುಟ ಎಲ್ಲಿ ಮುರಿಯುತ್ತದೆಂದು ತೋರಿಸುವ ನೀಲಿ ಗೆರೆಗಳಿರುತ್ತವೆ. ಮೆಷಿನ್ನು ತಾನಾಗಿ ಹಾಕಿದ್ದು ತುಂಡು ತುಂಡು ಗೆರೆ, ಅದನ್ನು ಹಿಡಿದು ಎಳೆದು ನಾವು ಬೇಕಾದಲ್ಲಿಟ್ಟರೆ ಅದೇ ಅಖಂಡ ಗೆರೆಯಾಗುತ್ತದೆ. ಗೋದಾಮಿನ ದಿನಗಳಿಂದಲೂ ಸೊಸೆಗೆ ಅದು ಗೊತ್ತು. ಅಲ್ಲಿ ಕಾಗದ ಉಳಿಸುವುದೇ ಜಾಣತನವಾಗಿತ್ತು, ಪುಟದ ಕೆಳಗೆ ಖಾಲಿ ಜಾಗ ಬಿಟ್ಟರೆ ಮೇಲಿನವರು ಹುಬ್ಬು ಗಂಟಿಕ್ಕುತ್ತಿದ್ದರು. ಈಗ ಅತ್ತೆ ಸಿಕ್ಕು ಬಿಡಿಸುತ್ತಾ, ಮೊದಮೊದಲು ಬೇಕೋ ಬೇಡವೋ ಎಂದು, ಆಮೇಲೆ ತಮ್ಮ ಪಾಡಿಗೆ ತಾವು, ಸಣ್ಣ ದನಿಯಲ್ಲಿ ಕೂಗುತ್ತಾ ಹೋದರು. ಬಳ್ಳಿ ತಿರುಗಿದ ಕಡೆ ಉಸಿರು ಬಿಟ್ಟರು, ಇವಳು ಗೆರೆಯನ್ನು ಅಲ್ಲಿಗೆ ಎಳೆದಳು. ಹೂವು ಮುಗಿದ ಕಡೆ ಬಿಟ್ಟರು, ಅಲ್ಲಿಗೆ ಎಳೆದಳು. ಹಕ್ಕಿಯ ಕಾಲುಗುರಿನಿಂದ ಜುಟ್ಟಿನ ತುದಿಯವರೆಗೆ ಅತ್ತೆ ಎಲ್ಲೂ ನಿಲ್ಲಲಿಲ್ಲ. ಆ ಒಂದು ಹಕ್ಕಿಗಾಗಿ ಸೊಸೆ ಅಂಚು ಕಿರಿದು ಮಾಡಿ, ಅಳತೆಯನ್ನು ಕೂದಲೆಳೆಯಷ್ಟು ತಗ್ಗಿಸಿ, ಅದು ಒಂದೇ ಪುಟದಲ್ಲಿ ಕೂರುವಂತೆ ಮಾಡಿದಳು. ಬಣ್ಣಗಳ ಸಾಲನ್ನು ಶೀಟಿನಿಂದ ತೆಗೆದು ಬೇರೆ ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದಳು.

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ "ಓದೋಕೆ ಬರಲ್ಲ" ಎಂದ ಮಾತು ಅವಳನ್ನು ಬಿಡಲಿಲ್ಲ. ಅಂಗಡಿಯಾಕೆಗೆ ಫೋನು ಮಾಡಿ, ಮೂರೂ ಒಂದೇ ಥರ ಇರುತ್ತವೆ, ತಲೆಯ ಕಡೆಯ ಅಂಚು ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ಆದೀತೇ ಎಂದು ಕೇಳಿದಳು. ಅಂಗಡಿಯಾಕೆ ರಾಗ ಎಳೆದಳು, ಕೊನೆಗೆ "ಇರಲಿ, ಯಾವುದರ ಮುಂದೆ ಯಾವುದು ಹಾಸಬೇಕು ಅಂತ ಗುರುತಿಗಾದ್ರೂ ಆಗುತ್ತೆ" ಎಂದಳು. ಗಂಡ ಮಾತ್ರ ಹೆಂಡತಿಯನ್ನು ಅನುಮಾನದಿಂದ ನೋಡಿದ. "ಮತ್ತೆ ಅಮ್ಮನ ಕೈಗೆ ಕೊಡ್ತೀಯಾ? ಬೆಂಕಿ ಮುಟ್ಟಿ ಸುಟ್ಕೊಂಡ ಮೇಲೂ ಬುದ್ಧಿ ಬರಲ್ವಾ?" ಅವಳು "ನೀವು ಹಂಡೆ ನೋಡ್ಕೊಳ್ಳಿ" ಎಂದಳು.

ಮರುದಿನ ಹೊಸ ಪುಟಗಳು ಕುರ್ಚಿಯ ಮೇಲಿದ್ದವು. ಒಂದು ಪುಟ ಉದ್ದ, ಇನ್ನೊಂದು ಅರ್ಧಕ್ಕೇ ಮುಗಿದು ಕೆಳಗೆಲ್ಲ ಬಿಳಿ. ರೇಡಿಯೋ ಓದಲು ಶುರುಮಾಡಿದಳು. ಒಳಗಿನ ಕೋಣೆಯಲ್ಲಿ ಅತ್ತೆಯ ಕೈ ಓಡುತ್ತಿತ್ತು. ಹೊರಗಿನಿಂದ ಪುಟ ತಿರುವಿದ ಸದ್ದು ಬಂತು, ಸರಿಯಾಗಿ ಬಳ್ಳಿ ತಿರುಗುವಲ್ಲಿ. ಅತ್ತೆಯ ಕೈ ನಿಂತಿತು. ಮತ್ತೆ ಸದ್ದು, ಹೂವು ಮುಗಿದಲ್ಲಿ. ಅತ್ತೆ ಬಾಗಿಲಿಗೆ ಬಂದು ನಿಂತರು. ಹಕ್ಕಿ ಶುರುವಾಯಿತು. ರೇಡಿಯೋ ಹಕ್ಕಿಯ ರೆಕ್ಕೆಯನ್ನು ಹರಾಜು ಕೂಗಿದ ಹಾಗೆ ಕೂಗುತ್ತಿದ್ದಳು.

"ಅಯ್ಯೋ, ಕೊಲ್ಲಬೇಡ್ವೇ ಅದನ್ನ!" ಎಂದರು ಅತ್ತೆ.

"ಹಾಗಾದ್ರೆ ನೀವೇ ಬದುಕಿಸ್ಕೊಳ್ಳಿ ಅಕ್ಕ, ನನಗೆ ಬಾಯಾರಿಕೆ" ಎಂದು ರೇಡಿಯೋ ಇಳಿದು, ನೀರು ಕುಡಿಯಲು ಹೋಗದೆ, ನೇರವಾಗಿ ಹಲಗೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ಅತ್ತೆ ಕುರ್ಚಿ ಹತ್ತಿದರು. ಕುತ್ತಿಗೆ ಬಂತು, ಕೊಕ್ಕು ಬಂತು, ಜುಟ್ಟು ಬಂತು. ಪುಟ ಮುಗಿಯಿತು. "ಉಸಿರು ಬಿಡಿ" ಎಂದರು. ಸೊಸೆ ಬಾಗಿಲ ಹಿಂದೆ ನಿಂತು ತಾನೂ ಉಸಿರು ಬಿಟ್ಟಳು.

ಮುಂದಿನ ದಿನಗಳಲ್ಲಿ ಕಂಬಳಿ ಸುರಳೀತ ಏರಿತು. ಅತ್ತೆ ಕಾಗದದಲ್ಲಿದ್ದದ್ದನ್ನೇ ಕೂಗಿದರು, ಒಂದು ಎಲೆ ಹೆಚ್ಚಿಲ್ಲ ಕಮ್ಮಿಯಿಲ್ಲ. ಆದರೆ ಆ ಹಳೆಯ ಎಳೆತ, ಆ 'ಬಿಳಿಯೋ ಬಿಳಿ' ಇನ್ನೂ ಪೂರ್ತಿ ಮರಳಿರಲಿಲ್ಲ. ಸೊಸೆಗೆ ಅದು ಕೇಳುತ್ತಿತ್ತು. ಅವರು ಕಾಗದಕ್ಕೆ ಮರ್ಯಾದೆ ಕೊಡುತ್ತಿದ್ದರು, ಅಷ್ಟೇ.

ಕೊನೆಗೊಂದು ಮಧ್ಯಾಹ್ನ ಅತ್ತೆ ಕೊನೆಯ ಪುಟ ತಿರುವಿದರು. ಅದರಲ್ಲಿ ಬರೀ ಚೌಕಗಳಿದ್ದವು. ಬಣ್ಣವೇ ಇರಲಿಲ್ಲ. ಖಾಲಿ ಚೌಕಗಳನ್ನು ಮೆಷಿನ್ನು ಸುಮ್ಮನೆ ಪ್ರಿಂಟು ಮಾಡುವುದಿಲ್ಲ, ಅವಕ್ಕೆ ಗೆರೆ ಹೊಡೆದು, ಇದೂ ಕಂಬಳಿಯೇ ಎಂದು ಹೇಳಿ ಒಪ್ಪಿಸಬೇಕು. ಸೊಸೆ ಒಪ್ಪಿಸಿದ್ದಳು.

"ಏನೇ ಹುಡುಗಿ, ಮೆಷಿನ್ನಿಗೆ ಮಸಿ ಮುಗೀತಾ?"

'ಹುಡುಗಿ' ಎಂದಿದ್ದು ಕೇಳಿ ಸೊಸೆ ಕುರ್ಚಿಯ ಹತ್ತಿರ ಬಂದಳು. "ಇಲ್ಲ ಅತ್ತೆ. ಅದು ನಿಮ್ಮ ಪುಟ. ಇನ್ನೆರಡು ಕಂಬಳಿಗೂ ಇದೆ. ಅಂಗಡಿಯವರೂ ಒಪ್ಪಿದಾರೆ. ಎಲೆ ಹಾಕಿ, ಹಣ್ಣು ಹಾಕಿ, ನಿಮಗೆ ತೋಚಿದ್ದು ಹಾಕಿ. ನಾನು ಬಾಯಿ ಹಾಕಲ್ಲ."

ಅತ್ತೆ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಚೌಕಗಳ ಮೇಲೆ ಬೆರಳಾಡಿಸಿದರು. ಮೂವರು ಹೆಂಗಸರು ಉಣ್ಣೆ ಹಿಡಿದು ಕಾಯುತ್ತಿದ್ದರು. ಅತ್ತೆ ಕನ್ನಡಕ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡರು, ಕಣ್ಣು ಮುಚ್ಚಿದರು. ಆಮೇಲೆ ಆ ಹಳೆಯ ದನಿ, ಕೆಳಗಿನಿಂದ ಎದ್ದು ಸೂರಿಗೆ ತಾಗುವ ದನಿ, ಎಳೆದು ಎಳೆದು ಕೂಗಿತು.

"ಕೆಂಪೂ... ಕೆಂಪಿನ ಪಕ್ಕ ಕೇಸರೀ... ಕೇಸರಿಗೆ ತಾಗಿ ಹಳದೀ..."

ಎಲೆಯೂ ಅಲ್ಲ, ಹಣ್ಣೂ ಅಲ್ಲ. ಹಸಿರು ಬಂತು, ತೆಳು ನೀಲಿ ಬಂತು, ಕಡು ನೀಲಿ ಬಂತು, ಒಂದೂ ತಪ್ಪದೆ ಅದೇ ಸರದಿಯಲ್ಲಿ. ಸೊಸೆ ಗೋಡೆಯ ಮೇಲಿನ ರಟ್ಟನ್ನು ನೋಡಿದಳು. ಅತ್ತೆ ಆ ಕಡೆ ತಿರುಗಿಯೂ ಇರಲಿಲ್ಲ.

"ಅತ್ತೆ, ಅದು ನನ್ನ ಗೆರೆ" ಎಂದಳು. ಬಾಯಿ ಹಾಕುವುದಿಲ್ಲ ಎಂದವಳು ಹಾಕಿಬಿಟ್ಟಿದ್ದಳು.

"ಗೊತ್ತು, ಸುಮ್ನಿರು" ಎಂದರು ಅತ್ತೆ ಕಣ್ಣು ತೆರೆಯದೆ. "ಈ ಸಲ ಸರಿಯಾದ ಜಾಗದಲ್ಲಿ ಬಂದಿದೆ."

ಮಗ್ಗದ ಮುಂದೆ ಮೂವರೂ ಒಟ್ಟಿಗೆ "ಆಯ್ತು" ಎಂದರು.